ಹಲ್ಲುಜ್ಜುವುದನ್ನೂ ಕಲಿಯಬೇಕು

(ಸಂಘದ ವಾರ್ಷಿಕ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ. ಓದುಗರ ಅನುಕೂಲಕ್ಕಾಗಿ ಅಲ್ಲಲ್ಲಿ ವಿಸ್ತರಿಸಿ ಬರೆಯಲಾಗಿದೆ.)



ಇಂತಹ ಸಭೆಗಳಲ್ಲಿ ಶಿಕ್ಷಣದ ಮಹತ್ವ, ಹೆಣ್ಣುಮಕ್ಕಳ ವಿದ್ಯಾಭ್ಯಾಸ, ಸ್ಪರ್ಧಾತ್ಮಕ ಪರೀಕ್ಷೆಗಳ ತಯಾರಿ ಮುಂತಾದವುಗಳ ಬಗ್ಗೆ ಮಾತನಾಡುವುದು ರೂಢಿ. ನಾನು ಹಲ್ಲುಜ್ಜುವ ವಿಷಯ ಆರಿಸಿಕೊಂಡಿದ್ದೇನೆ ಎಂದಾಗ ಕೆಲವರು ನಕ್ಕರು. “ಇದರಲ್ಲಿ ಹೇಳಿಕೊಡುವುದೇನಿದೆ ಟೀಚರ್, ದಿನಾ ಉಜ್ಜುತ್ತಲೇ ಇದ್ದೇವಲ್ಲ” ಎಂದರು. ಉಜ್ಜುತ್ತಿದ್ದೇವೆ, ನಿಜ. ಆದರೆ 2002-03ರಲ್ಲಿ ಭಾರತೀಯ ದಂತವೈದ್ಯ ಪರಿಷತ್ತು ದೇಶದಾದ್ಯಂತ ನಡೆಸಿದ ಸಮೀಕ್ಷೆಯಲ್ಲಿ 12 ವರ್ಷದ ಮಕ್ಕಳ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿಯ ಹಲ್ಲು ಹುಳುಕಾಗಿರುವುದು ಕಂಡುಬಂತು. ಅವರೆಲ್ಲ ಹಲ್ಲೇ ಉಜ್ಜದ ಮಕ್ಕಳು ಎಂದು ಹೇಳಲು ಬರುವುದಿಲ್ಲ.

ನಾನು ದಂತವೈದ್ಯೆ ಅಲ್ಲ. ಉರ್ದು ಮತ್ತು ಕನ್ನಡ ಕಲಿಸುವವಳು. ಆದರೆ ಒಂದು ಮಾತು ಹೇಳಬಲ್ಲೆ. ಮಕ್ಕಳ ಬಾಯಿಯನ್ನು ಡಾಕ್ಟರಿಗಿಂತ ಹೆಚ್ಚು ಹೊತ್ತು ನೋಡುವವರು ಭಾಷಾ ಶಿಕ್ಷಕರು. ತ, ಥ, ದ, ಧ, ನ ಇವುಗಳನ್ನು ವ್ಯಾಕರಣದಲ್ಲಿ ದಂತ್ಯ ಅಕ್ಷರಗಳು ಎನ್ನುತ್ತೇವೆ. ನಾಲಿಗೆ ಹಲ್ಲಿಗೆ ತಾಗಿದರೆ ಮಾತ್ರ ಅವು ಹುಟ್ಟುತ್ತವೆ. ಉಚ್ಚಾರ ತಿದ್ದಲು ಮಗುವಿನ ಬಾಯಿ ನೋಡಿದಾಗಲೆಲ್ಲ ಅಲ್ಲಿ ಕಪ್ಪಾದ ದವಡೆ ಹಲ್ಲು, ಊದಿದ ವಸಡು ಕಣ್ಣಿಗೆ ಬೀಳುತ್ತದೆ. ಹಾಗಾಗಿಯೇ ಈ ವಿಷಯ.

ಮೊದಲು “ಹುಳುಕು” ಎಂಬ ಮಾತನ್ನೇ ನೋಡಿ. ಕನ್ನಡದಲ್ಲಿ ಹುಳುಕು ಹಲ್ಲು ಎನ್ನುತ್ತೇವೆ, ಅಂದರೆ ಹುಳ ತಿಂದದ್ದು. ಉರ್ದುವಿನಲ್ಲಿ “ದಾಂತ್ ಮೇಂ ಕೀಡಾ ಲಗಾ ಹೈ” ಎನ್ನುತ್ತೇವೆ. ಎರಡು ಭಾಷೆಗಳೂ ಸೇರಿ ತಪ್ಪನ್ನು ಹುಳದ ಮೇಲೆ ಹೊರಿಸಿವೆ. ಸಂತೆಯಲ್ಲಿ, ಜಾತ್ರೆ-ಉರುಸುಗಳಲ್ಲಿ ಹಲ್ಲಿನಿಂದ ಹುಳ ತೆಗೆದು ಅಂಗೈ ಮೇಲೆ ತೋರಿಸುವವರನ್ನು ಹಿರಿಯರು ನೋಡಿರಬಹುದು. ಅದು ಕೈಚಳಕ. ಹಲ್ಲಿನಲ್ಲಿ ಅಂತಹ ಹುಳ ಇರುವುದಿಲ್ಲ. ಫ್ರಾನ್ಸಿನ ಪಿಯರ್ ಫೊಷಾರ್ ಎಂಬ ದಂತವೈದ್ಯರು 1728ರಲ್ಲಿ ಪ್ರಕಟಿಸಿದ ಗ್ರಂಥದಲ್ಲೇ ಹುಳದ ಕಥೆಯನ್ನು ತಳ್ಳಿಹಾಕಿ, ಸಕ್ಕರೆಯಿಂದ ಹಲ್ಲಿಗೆ ಕೇಡಾಗುತ್ತದೆ ಎಂದು ಎಚ್ಚರಿಸಿದ್ದರು.

ನಡೆಯುವುದು ಇಷ್ಟು. ನಾವು ಎಷ್ಟೇ ಚೆನ್ನಾಗಿ ಉಜ್ಜಿದರೂ ಕೆಲವೇ ಗಂಟೆಗಳಲ್ಲಿ ಹಲ್ಲಿನ ಮೇಲೆ ತೆಳುವಾದ ಅಂಟು ಪದರ ಮತ್ತೆ ಕೂರುತ್ತದೆ. ಬೆಳಿಗ್ಗೆ ಎದ್ದಾಗ ನಾಲಿಗೆ ತಾಗಿಸಿದರೆ ಹಲ್ಲು ಲೋಳೆಲೋಳೆ ಎನ್ನುತ್ತದಲ್ಲ, ಅದೇ. ಡಾಕ್ಟರರು ಇದಕ್ಕೆ ಪ್ಲಾಕ್ ಎನ್ನುತ್ತಾರೆ. ಅದರ ತುಂಬ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು. ನಾವು ತಿಂದ ಸಕ್ಕರೆಯನ್ನು ಅವೂ ತಿಂದು ಆಮ್ಲ ಬಿಡುತ್ತವೆ. ಸಿಹಿ ತಿಂದ ಕೆಲವೇ ನಿಮಿಷಗಳಲ್ಲಿ ಈ ಆಮ್ಲ ಏರುತ್ತದೆ. ಜೊಲ್ಲು ಅದನ್ನು ತೊಳೆದು ಬಾಯಿಯನ್ನು ಮೊದಲಿನ ಸ್ಥಿತಿಗೆ ತರಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಇಲ್ಲಿ ತಾಯಂದಿರು ಗಮನಿಸಬೇಕಾದ ಸಂಗತಿ ಇದೆ. ಮಗು ಎಷ್ಟು ಸಿಹಿ ತಿಂದಿತು ಎನ್ನುವುದಕ್ಕಿಂತ ದಿನಕ್ಕೆ ಎಷ್ಟು ಸಲ ತಿಂದಿತು ಎನ್ನುವುದು ದೊಡ್ಡದು. ಊಟದ ಜೊತೆ ಒಂದು ಲಾಡು ತಿಂದು ಮುಗಿಸಿದರೆ ಹಲ್ಲು ಒಂದು ಸಲ ಆಮ್ಲ ಎದುರಿಸುತ್ತದೆ. ಅದೇ ಒಂದು ಪೊಟ್ಟಣ ಪೆಪ್ಪರಮಿಂಟನ್ನು ಬೆಳಗಿನಿಂದ ಸಂಜೆಯವರೆಗೆ ಒಂದೊಂದೇ ಚೀಪುತ್ತಿದ್ದರೆ ಹಲ್ಲಿಗೆ ಬಿಡುವೇ ಇಲ್ಲ. ದಿನಕ್ಕೆ ಐದಾರು ಸಲ ಸಕ್ಕರೆ ಹಾಕಿದ ಚಹಾ, ಜೊತೆಗೆ ಬಿಸ್ಕತ್ತು ಎನ್ನುವ ದೊಡ್ಡವರಿಗೂ ಈ ಲೆಕ್ಕ ಅನ್ವಯಿಸುತ್ತದೆ.

ಹಲ್ಲಿನ ಹೊರಗಿನ ಹೊದಿಕೆ ಎನಾಮಲ್ ನಮ್ಮ ದೇಹದಲ್ಲೇ ಅತ್ಯಂತ ಗಟ್ಟಿಯಾದ ವಸ್ತು. ಮೂಳೆಗಿಂತ ಗಟ್ಟಿ. ಆದರೆ ಮುರಿದ ಮೂಳೆ ಕೂಡಿಕೊಳ್ಳುತ್ತದೆ, ಕುಳಿ ಬಿದ್ದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ಹೊರಗೆ ಬರುವ ಹೊತ್ತಿಗೇ ಇಲ್ಲವಾಗಿರುತ್ತವೆ. ಕುಳಿ ಬೀಳುವ ಮೊದಲು, ಇನ್ನೂ ಸುಣ್ಣದಂತಹ ಬಿಳಿ ಮಚ್ಚೆ ಕಾಣುವ ಹಂತದಲ್ಲಿ ಮಾತ್ರ ಜೊಲ್ಲಿನ ಖನಿಜ ಮತ್ತು ಪೇಸ್ಟಿನ ಫ್ಲೋರೈಡ್ ಸೇರಿ ಅದನ್ನು ದುರಸ್ತಿ ಮಾಡಬಲ್ಲವು. ಕುಳಿ ಆದ ಮೇಲೆ ಡಾಕ್ಟರೇ ಗತಿ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದು ಬಂದಿರುವ ಸಂಗತಿಗೆ ಬರುತ್ತೇನೆ.

ಮಗುವಿಗೆ ಸುಮಾರು ಆರು ವರ್ಷವಾದಾಗ, ಅಂದರೆ ಒಂದನೇ ತರಗತಿಗೆ ಸೇರುವ ಹೊತ್ತಿಗೆ, ಬಾಯಿಯ ಹಿಂಭಾಗದಲ್ಲಿ ನಾಲ್ಕು ದೊಡ್ಡ ದವಡೆ ಹಲ್ಲುಗಳು ಬರುತ್ತವೆ. ಮೇಲೆ ಎರಡು, ಕೆಳಗೆ ಎರಡು. ಇವು ಬರುವುದು ಎಷ್ಟೋ ತಾಯಂದಿರಿಗೆ ಗೊತ್ತೇ ಆಗುವುದಿಲ್ಲ. ಏಕೆಂದರೆ ಇವುಗಳಿಗಾಗಿ ಯಾವ ಹಾಲುಹಲ್ಲೂ ಬೀಳುವುದಿಲ್ಲ. ಮುಂದಿನ ಹಲ್ಲು ಅಲುಗಾಡಿ ಬಿದ್ದರೆ ಮನೆಯಲ್ಲಿ ದೊಡ್ಡ ಸುದ್ದಿ. ಆ ಹಲ್ಲನ್ನು ಹಂಚಿನ ಮೇಲೆ ಎಸೆಯುವುದೇನು, ಬೊಚ್ಚುಬಾಯಿ ಎಂದು ಅಣ್ಣಂದಿರು ರೇಗಿಸುವುದೇನು! ಈ ನಾಲ್ಕು ಹಲ್ಲುಗಳಾದರೋ ಹಾಲುಹಲ್ಲುಗಳ ಸಾಲಿನ ಹಿಂದೆ ಸದ್ದಿಲ್ಲದೆ ಬಂದು ಕೂರುತ್ತವೆ. ಸುತ್ತಲೂ ಹಾಲುಹಲ್ಲುಗಳೇ ಇರುವುದರಿಂದ ಇದೂ ಹಾಲುಹಲ್ಲೇ, ಹೇಗೂ ಬೀಳುವುದು ಎಂದು ಮನೆಯವರು ತಿಳಿಯುತ್ತಾರೆ. ಹಾಗಲ್ಲ. ಇವು ಶಾಶ್ವತ ಹಲ್ಲುಗಳು. ಅರವತ್ತು ಎಪ್ಪತ್ತು ವರ್ಷ ಬಾಳಬೇಕಾದವು. ಇಡೀ ಬಾಯಿಯಲ್ಲಿ ಅಗಿಯುವ ಭಾರದ ದೊಡ್ಡ ಪಾಲು ಹೊರುವವೂ ಇವೇ.

ನಮ್ಮ ಏಳನೇ ತರಗತಿಯ ಒಬ್ಬ ಹುಡುಗಿ ಪರೀಕ್ಷೆಯ ತಿಂಗಳಲ್ಲಿ ನಾಲ್ಕು ದಿನ ಶಾಲೆಗೆ ಬರಲಿಲ್ಲ. ಐದನೇ ದಿನ ದುಪಟ್ಟಾದಿಂದ ಕೆನ್ನೆ ಮುಚ್ಚಿಕೊಂಡು ತಾಯಿಯ ಜೊತೆ ಬಂದಳು. ಕೆಳದವಡೆಯ ಹಲ್ಲು ಕೀಳಿಸಿದ್ದರು. ನಾನು ಬೇಸರಪಟ್ಟಾಗ ಆ ತಾಯಿಯೇ ನನಗೆ ಸಮಾಧಾನ ಹೇಳಿದರು: “ದೂದ್ ಕೆ ದಾಂತಾಂ ಹೈ ನಾ ಟೀಚರ್, ಫಿರ್ ಆತೆ.” ಹಾಲುಹಲ್ಲಲ್ಲವೇ, ಮತ್ತೆ ಬರುತ್ತವೆ ಎಂದು. ನಾನು ಆ ಮಗುವಿನ ಮುಂದೆ ಏನೂ ಹೇಳಲಿಲ್ಲ. ಆ ಜಾಗದಲ್ಲಿ ಇನ್ನೊಂದು ಹಲ್ಲು ಬರುವುದಿಲ್ಲ ಎಂಬುದನ್ನು ತಾಯಿಗೆ ಆಮೇಲೆ ಪ್ರತ್ಯೇಕವಾಗಿ ತಿಳಿಸಬೇಕಾಯಿತು. ಹನ್ನೆರಡು ವರ್ಷದ ಹುಡುಗಿ. ಆರು ವರ್ಷ ಮಾತ್ರ ಬಾಳಿದ ಹಲ್ಲು.

ಆದ್ದರಿಂದ ತಾವು ಇವತ್ತು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ಮಗುವನ್ನು ಬೆಳಕಿಗೆ ಕೂರಿಸಿ, ಬಾಯಿ ತೆರೆಸಿ, ಟಾರ್ಚ್ ಬಿಟ್ಟು ಎಣಿಸಿ. ಹಾಲುಹಲ್ಲು ಒಟ್ಟು 20. ಅಂದರೆ ಬಾಯಿಯ ಮಧ್ಯದಿಂದ ಒಂದೊಂದು ಪಕ್ಕಕ್ಕೆ ಐದೈದು. ನಟ್ಟನಡುವಿನ ಬಾಚಿಹಲ್ಲನ್ನು ಒಂದು ಎಂದು ಹಿಡಿದು ಹಿಂದಕ್ಕೆ ಎಣಿಸುತ್ತಾ ಹೋದರೆ ಆರನೆಯದು ಇದ್ದರೆ ಅದೇ ಶಾಶ್ವತ ದವಡೆ ಹಲ್ಲು. ಮುಂದಿನ ಹಲ್ಲು ಬಿದ್ದು ಖಾಲಿ ಇದ್ದರೆ ಆ ಖಾಲಿ ಜಾಗವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಆರನೇ ವರ್ಷಕ್ಕೆ ಆರನೇ ಹಲ್ಲು, ನೆನಪಿಡಲು ಸುಲಭ. ಹನ್ನೆರಡರ ಹೊತ್ತಿಗೆ ಇದರ ಹಿಂದೆ ಏಳನೆಯದು ಬರುತ್ತದೆ.

ಈ ಹಲ್ಲೇ ಏಕೆ ಮೊದಲು ಹಾಳಾಗುತ್ತದೆ ಎಂದು ಕೇಳಬಹುದು. ಅದರ ಅಗಿಯುವ ಮೇಲ್ಮೈಯಲ್ಲಿ ಆಳವಾದ ಗೆರೆಗಳಿರುತ್ತವೆ. ಕೆಲವು ಗೆರೆಗಳು ಎಷ್ಟು ಕಿರಿದೆಂದರೆ ಬ್ರಷ್ಷಿನ ಎಳೆ ಕೂಡ ಅದರ ತಳ ಮುಟ್ಟುವುದಿಲ್ಲ. ಹೊಸದಾಗಿ ಬಂದ ಹಲ್ಲಿನ ಎನಾಮಲ್ ಇನ್ನೂ ಪೂರ್ತಿ ಪಕ್ವವಾಗಿರುವುದಿಲ್ಲ. ಜೊತೆಗೆ ಅದು ಮೇಲೇರಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಅಷ್ಟು ದಿನವೂ ಪಕ್ಕದ ಹಾಲುಹಲ್ಲಿಗಿಂತ ತಗ್ಗಿನಲ್ಲಿರುತ್ತದೆ. ಸಾಲಿನುದ್ದಕ್ಕೂ ಬ್ರಷ್ ಓಡಿಸಿದರೆ ಎಳೆಗಳು ಎತ್ತರದ ಹಲ್ಲಿನ ಮೇಲೆಯೇ ಹಾದುಹೋಗಿ ಈ ತಗ್ಗಿನ ಹಲ್ಲನ್ನು ಮುಟ್ಟುವುದೇ ಇಲ್ಲ. ಮಗು ಉಜ್ಜಿರುತ್ತದೆ, ತಾಯಿ ನೋಡಿಯೂ ಇರುತ್ತಾಳೆ, ಆದರೂ ಆ ಹಲ್ಲು ಮಾತ್ರ ಉಜ್ಜದೆ ಉಳಿದಿರುತ್ತದೆ! ಇದಕ್ಕೆ ಉಪಾಯ: ಬ್ರಷ್ಷನ್ನು ಬಾಯಿಯ ಪಕ್ಕದಿಂದ, ಕೆನ್ನೆಯ ಕಡೆಯಿಂದ ಅಡ್ಡಲಾಗಿ ಒಳಗೆ ಬಿಟ್ಟು, ಆ ಒಂದೇ ಹಲ್ಲಿನ ತಲೆಯ ಮೇಲೆ ಇಟ್ಟು ಹತ್ತು ಸಲ ಚಿಕ್ಕದಾಗಿ ಉಜ್ಜಬೇಕು. ದಂತವೈದ್ಯರು ಈ ಗೆರೆಗಳನ್ನು ಒಂದು ಬಗೆಯ ತೆಳು ಲೇಪದಿಂದ ಮುಚ್ಚಿಬಿಡುವ ಚಿಕಿತ್ಸೆಯೂ ಇದೆ. ಅದಕ್ಕೆ ಸೀಲೆಂಟ್ ಎನ್ನುತ್ತಾರೆ. ಕೊರೆಯುವುದಿಲ್ಲ, ಚುಚ್ಚುವುದಿಲ್ಲ. ಮಗುವಿಗೆ ಆರೇಳು ವರ್ಷ ಇರುವಾಗಲೇ ಕೇಳಿ ಮಾಡಿಸಬೇಕು.

ಹಾಗೆಂದು ಹಾಲುಹಲ್ಲನ್ನು ಕಡೆಗಣಿಸುವಂತಿಲ್ಲ. ಅವು ಕೆಳಗಿನ ಹಲ್ಲಿಗೆ ಜಾಗ ಕಾದಿಡುತ್ತವೆ. ಹಿಂದಿನ ಹಾಲುಹಲ್ಲುಗಳು ಬೀಳುವುದು ಹತ್ತು-ಹನ್ನೆರಡು ವರ್ಷಕ್ಕೆ. ಆರಕ್ಕೇ ಕೀಳಿಸಿದರೆ ಪಕ್ಕದ ಹಲ್ಲುಗಳು ಜರುಗಿ, ಹೊಸ ಹಲ್ಲು ಅಡ್ಡಾದಿಡ್ಡಿ ಬರುತ್ತದೆ. ಮಲಗಿದ ಕೂಸಿನ ಬಾಯಿಗೆ ಸಕ್ಕರೆ ಹಾಲಿನ ಬಾಟಲಿ ಕೊಟ್ಟು ನಿದ್ದೆ ಹೋಗಿಸುವ ಅಭ್ಯಾಸ ಮುಂದಿನ ನಾಲ್ಕು ಮೇಲ್ಹಲ್ಲುಗಳನ್ನು ಎರಡು ವರ್ಷ ತುಂಬುವುದರೊಳಗೆ ಕರಗಿಸಿಬಿಡಬಲ್ಲದು.

ಇನ್ನು ಉಜ್ಜುವ ಕ್ರಮ. ಚಾರ್ಲ್ಸ್ ಬಾಸ್ ಎಂಬ ಅಮೆರಿಕದ ವೈದ್ಯರು 1940ರ ದಶಕದಲ್ಲಿ ಇದನ್ನು ಕೂಲಂಕಷವಾಗಿ ಅಭ್ಯಾಸ ಮಾಡಿ ಹೇಳಿದ ವಿಧಾನವನ್ನೇ ಇಂದಿಗೂ ದಂತವೈದ್ಯ ಕಾಲೇಜುಗಳಲ್ಲಿ ಕಲಿಸುತ್ತಾರೆ. ಸ್ವಾರಸ್ಯವೆಂದರೆ ಅವರೂ ದಂತವೈದ್ಯರಲ್ಲ, ಸಾಮಾನ್ಯ ವೈದ್ಯಕೀಯದವರು. ಕೊಳೆ ಹೆಚ್ಚು ಕೂರುವುದು ಹಲ್ಲಿನ ನಡುಭಾಗದಲ್ಲಲ್ಲ, ಹಲ್ಲು ವಸಡಿನೊಳಗೆ ಇಳಿಯುವ ಅಂಚಿನಲ್ಲಿ ಎಂಬುದು ಅವರ ಮಾತಿನ ತಿರುಳು. ನಾವಾದರೋ ಕನ್ನಡಿಯಲ್ಲಿ ಕಾಣುವ ನಡುಭಾಗವನ್ನೇ ಪಾತ್ರೆ ತಿಕ್ಕುವಂತೆ ತಿಕ್ಕುತ್ತೇವೆ.

ಬ್ರಷ್ಷನ್ನು ಮುಷ್ಟಿಯಲ್ಲಿ ಹಿಡಿಯಬೇಡಿ. ಪೆನ್ನು ಹಿಡಿದಂತೆ ಬೆರಳಿನಲ್ಲಿ ಹಿಡಿಯಿರಿ. ಆಗ ತಾನಾಗಿಯೇ ಒತ್ತಡ ಕಡಿಮೆಯಾಗುತ್ತದೆ. ಎಳೆಗಳನ್ನು ಓರೆಯಾಗಿ, ಸುಮಾರು 45 ಡಿಗ್ರಿ ಕೋನದಲ್ಲಿ, ಅರ್ಧ ಹಲ್ಲಿನ ಮೇಲೆ ಅರ್ಧ ವಸಡಿನ ಮೇಲೆ ಬರುವಂತೆ ಇಡಿ. ಮೇಲಿನ ಹಲ್ಲಿಗಾದರೆ ಎಳೆಗಳು ಮೇಲ್ಮುಖ, ಕೆಳಗಿನ ಹಲ್ಲಿಗಾದರೆ ಕೆಳಮುಖ. ಇಟ್ಟ ಜಾಗದಲ್ಲೇ ಸಣ್ಣದಾಗಿ, ನಡುಗಿಸಿದ ಹಾಗೆ ಹತ್ತು ಹನ್ನೆರಡು ಸಲ ಹಿಂದೆ ಮುಂದೆ ಆಡಿಸಿ. ಬಳಿಕ ವಸಡಿನಿಂದ ಹಲ್ಲಿನ ತುದಿಯ ಕಡೆಗೆ ಒಮ್ಮೆ ಉರುಳಿಸಿ. ಆಮೇಲೆ ಮುಂದಿನ ಎರಡು ಮೂರು ಹಲ್ಲಿಗೆ ಹೋಗಿ. ಒಂದು ಕಡೆಯಿಂದ ಹಿಡಿದರೆ ಅದೇ ಸಾಲಾಗಿ ಹೋಗಿ ಮುಗಿಸಬೇಕು. ಅಲ್ಲೊಂದು ಇಲ್ಲೊಂದು ಉಜ್ಜಿದರೆ ಯಾವುದೋ ಮೂಲೆ ದಿನವೂ ಬಿಟ್ಟುಹೋಗುತ್ತದೆ. ಹೊರಗಿನ ಮೈ, ಒಳಗಿನ ಮೈ, ಅಗಿಯುವ ಮೈ, ಕೊನೆಯ ಹಲ್ಲಿನ ಬೆನ್ನು, ಕಡೆಗೆ ನಾಲಿಗೆ. ಎರಡು ನಿಮಿಷ ಬೇಕು. ಗಡಿಯಾರ ಇಟ್ಟುಕೊಂಡು ನೋಡಿ, ಎರಡು ನಿಮಿಷ ಎಷ್ಟು ದೀರ್ಘ ಎಂದು ಆಗ ತಿಳಿಯುತ್ತದೆ.

ಬಹಳ ಮಂದಿ ಮರೆಯುವ ಜಾಗ ಒಂದಿದೆ. ಕೆಳಗಿನ ಬಾಚಿಹಲ್ಲುಗಳ ಒಳಗಿನ ಮೈ, ನಾಲಿಗೆ ತಾಗುವ ಕಡೆ. ಜೊಲ್ಲು ಗ್ರಂಥಿಗಳ ನಾಳ ಅಲ್ಲಿಯೇ ನಾಲಿಗೆಯ ಕೆಳಗೆ ತೆರೆಯುತ್ತದೆ. ಜೊಲ್ಲಿನ ಖನಿಜ ಸೇರಿ ಅಲ್ಲಿನ ಕೊಳೆ ಬೇಗ ಕಲ್ಲಿನಂತೆ ಗಟ್ಟಿಯಾಗುತ್ತದೆ. ಅದಕ್ಕೆ ಟಾರ್ಟರ್ ಎನ್ನುತ್ತಾರೆ. ಅಲ್ಲಿ ಬ್ರಷ್ಷನ್ನು ನೆಟ್ಟಗೆ ಉದ್ದುದ್ದ ನಿಲ್ಲಿಸಿ, ಅದರ ಮುಂತುದಿಯಿಂದ ಒಂದೊಂದೇ ಹಲ್ಲನ್ನು ಎಳೆದು ಉಜ್ಜಬೇಕು. ಒಮ್ಮೆ ಕಲ್ಲಾದ ಮೇಲೆ ಯಾವ ಬ್ರಷ್ಷಿಗೂ ಅದು ಬರುವುದಿಲ್ಲ. ಡಾಕ್ಟರರ ಬಳಿ ಕ್ಲೀನಿಂಗ್ ಮಾಡಿಸಬೇಕು. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬುದು ನಮ್ಮಲ್ಲಿ ಬೇರೂರಿದ ತಪ್ಪು ಕಲ್ಪನೆ. ಹಲ್ಲನ್ನು ಸಡಿಲ ಮಾಡಿರುವುದು ಆ ಕಲ್ಲೇ. ಇಷ್ಟು ದಿನ ಅದೇ ಸಿಮೆಂಟಿನಂತೆ ಹಿಡಿದಿಟ್ಟಿದ್ದರಿಂದ ಗೊತ್ತಾಗಿರುವುದಿಲ್ಲ, ಅಷ್ಟೆ. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆ ಎನ್ನುವುದೂ ಇದೇ ಜಾತಿಯ ಮಾತು.

ಉಜ್ಜುವಾಗ ರಕ್ತ ಬಂದರೆ ಹೆದರಿ ಆ ಜಾಗ ಬಿಟ್ಟುಬಿಡುವವರೇ ಹೆಚ್ಚು. ಮಾಡಬೇಕಾದದ್ದು ಅದರ ವಿರುದ್ಧ. ರಕ್ತ ಬರುವುದು ಅಲ್ಲಿ ಕೊಳೆ ನಿಂತು ವಸಡು ಊದಿದೆ ಎಂಬ ಗುರುತು. ಮೆತ್ತನೆಯ ಬ್ರಷ್ಷಿನಿಂದ ಆ ಜಾಗವನ್ನು ಇನ್ನಷ್ಟು ನಾಜೂಕಾಗಿ ಉಜ್ಜಬೇಕು. ಒಂದೆರಡು ವಾರದಲ್ಲಿ ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಬೇಕು. ಸಕ್ಕರೆ ಕಾಯಿಲೆ ಇರುವವರು ಇದನ್ನು ಲಘುವಾಗಿ ತೆಗೆದುಕೊಳ್ಳಬಾರದು. ಸಕ್ಕರೆ ಹೆಚ್ಚಿದ್ದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟವಾಗುತ್ತದೆ.

ಬ್ರಷ್ ಕೊಳ್ಳುವಾಗ ಪೊಟ್ಟಣದ ಮೇಲೆ “ಸಾಫ್ಟ್” ಎಂದು ಬರೆದಿರುವುದನ್ನೇ ಕೊಳ್ಳಿ. ಗಟ್ಟಿ ಬ್ರಷ್ಷಿನಿಂದ ಗರಗಸದಂತೆ ಅಡ್ಡಡ್ಡ ಉಜ್ಜಿದವರ ಹಲ್ಲು ವಸಡಿನ ಹತ್ತಿರ ಕೊರೆದು ಗಾಡಿ ಬಿದ್ದಿರುತ್ತದೆ. ತಣ್ಣೀರು ತಾಗಿದರೆ ಚುಳ್ ಎನ್ನುವುದು ಬಹಳ ಸಲ ಇದರಿಂದಲೇ. ಎಳೆಗಳು ಕೆದರಿ ಹೂವಿನಂತೆ ಅರಳಿದರೆ, ಇಲ್ಲವೇ ಮೂರು ತಿಂಗಳಾದರೆ ಬ್ರಷ್ ಬದಲಿಸಬೇಕು. ನಮ್ಮ ಮನೆಗಳಲ್ಲಿ ಹಳೆಯ ಬ್ರಷ್ಷಿಗೆ ಕೆಲಸ ಸಿಗದೆ ಇರುವುದಿಲ್ಲ. ಮಿಕ್ಸಿಯ ಸಂದು, ಹೊಲಿಗೆ ಯಂತ್ರ, ಬಾಚಣಿಗೆ ಎಲ್ಲವನ್ನೂ ಅದರಿಂದ ತೊಳೆಯಬಹುದು. ಬಾಯಿಗೆ ಮಾತ್ರ ಬೇಡ. ಅಕ್ಕ-ತಂಗಿಯರಿಗೆ ಒಂದೇ ಬ್ರಷ್ ಎನ್ನುವುದಂತೂ ಬೇಡವೇ ಬೇಡ.

ಇಲ್ಲಿ ಒಂದು ಹಳೆಯ ಅನುಮಾನವನ್ನೂ ತಿಳಿಗೊಳಿಸುತ್ತೇನೆ. ಹಿಂದೆ ಹಲ್ಲಿನ ಬ್ರಷ್ಷುಗಳನ್ನು ಹಂದಿಯ ಕೂದಲಿನಿಂದ ಮಾಡುತ್ತಿದ್ದದ್ದು ನಿಜ. ಹಾಗಾಗಿ ನಮ್ಮ ಅಜ್ಜಂದಿರ ಕಾಲದ ಕೆಲವರು ಬ್ರಷ್ ಮುಟ್ಟುತ್ತಿರಲಿಲ್ಲವೆಂದರೆ ಅದಕ್ಕೆ ಕಾರಣವಿತ್ತು. 1938ರಲ್ಲಿ ಅಮೆರಿಕದಲ್ಲಿ ನೈಲಾನ್ ಎಳೆಯ ಬ್ರಷ್ ಮಾರಾಟಕ್ಕೆ ಬಂತು. ಈಗ ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದೆಲ್ಲ ನೈಲಾನಿನದೇ.

ಮಿಸ್ವಾಕ್ ಬಗ್ಗೆ ಕೇಳದೆ ತಾವು ಬಿಡುವುದಿಲ್ಲ ಎಂದು ಗೊತ್ತು. ಪ್ರವಾದಿಯವರು (ಸ) ಮಿಸ್ವಾಕಿಗೆ ಎಷ್ಟು ಮಹತ್ವ ಕೊಟ್ಟಿದ್ದರು, ರಾತ್ರಿ ನಮಾಜಿಗೆ ಎದ್ದಾಗಲೂ ಅದರಿಂದ ಬಾಯಿ ಶುಚಿ ಮಾಡಿಕೊಳ್ಳುತ್ತಿದ್ದರು ಎಂಬುದು ಹದೀಸ್ ಗ್ರಂಥಗಳಲ್ಲಿ ದಾಖಲಾಗಿದೆ. ಪೀಲು ಮರದ ಬೇರಿನ ಆ ಕಡ್ಡಿಯಲ್ಲಿ ಎಳೆಗಳೂ ಇವೆ, ಬ್ಯಾಕ್ಟೀರಿಯಾ ತಡೆಯುವ ಗುಣವೂ ಇದೆ. ಬೇವು, ಹೊಂಗೆ, ಜಾಲಿಯ ಕಡ್ಡಿ ನಮ್ಮ ಹಳ್ಳಿಗಳ ರೂಢಿ. ಆದರೆ ಕಡ್ಡಿ ಯಾವುದೇ ಇರಲಿ, ಅದು ಸುಲಭವಾಗಿ ಮುಟ್ಟುವುದು ಮುಂದಿನ ಹಲ್ಲುಗಳ ಹೊರಮೈಯನ್ನು. ದವಡೆ ಹಲ್ಲಿನ ಒಳಮೈಗೆ ನೇರವಾದ ಕಡ್ಡಿ ಬಗ್ಗುವುದಿಲ್ಲ. ಹಾಗಾಗಿ ವುಝೂ ಮಾಡುವಾಗ ಮಿಸ್ವಾಕ್, ರಾತ್ರಿ ಮಲಗುವ ಮುನ್ನ ಬ್ರಷ್ ಎಂದು ಎರಡನ್ನೂ ಇಟ್ಟುಕೊಳ್ಳಬಹುದು. ಇವೆರಡರ ನಡುವೆ ಜಗಳ ಹಚ್ಚುವ ಅಗತ್ಯ ನನಗೆ ಕಾಣುವುದಿಲ್ಲ. ಮಿಸ್ವಾಕಿನ ತುದಿ ಸವೆದಾಗ ಕತ್ತರಿಸಿ ಹೊಸದಾಗಿ ಜಗಿದು ಎಳೆ ಬಿಡಿಸಿಕೊಳ್ಳಬೇಕು. ಚಿಲ್ಲರೆ ಕಾಸು, ಬೀಗದ ಕೈ ಇರುವ ಜೇಬಿನಲ್ಲಿ ಅದನ್ನು ಬರಿದಾಗಿ ಇಟ್ಟುಕೊಂಡು ತಿರುಗುವುದು ಶುಚಿತ್ವದ ಸಾಧನಕ್ಕೆ ನಾವು ಮಾಡುವ ಅನ್ಯಾಯ.

ರಂಜಾನಿನಲ್ಲಿ ಇನ್ನೊಂದು ತೊಂದರೆ. ಇಫ್ತಾರಿನ ಖರ್ಜೂರ, ಶರಬತ್ತಿನಿಂದ ಹಿಡಿದು ತರಾವೀಹ್ ಮುಗಿದ ಮೇಲಿನ ಚಹಾದವರೆಗೆ ಬಾಯಾಡುತ್ತಲೇ ಇರುತ್ತದೆ. ಸಹರಿ ಊಟ ಮಾಡಿದ ಮಕ್ಕಳು ಹಾಗೆಯೇ ಮಲಗಿಬಿಡುತ್ತಾರೆ. ಸಹರಿಯ ಸಮಯ ಮುಗಿಯುವ ಮೊದಲು ಎರಡು ನಿಮಿಷ ಉಳಿಸಿಕೊಂಡು ಬ್ರಷ್ ಮಾಡಿಸಿದರೆ ಹಗಲಿಡೀ ಹಲ್ಲಿಗೂ ನೆಮ್ಮದಿ, ಬಾಯಿ ವಾಸನೆಯೂ ಕಡಿಮೆ. ಉಪವಾಸದ ಹೊತ್ತಿನಲ್ಲಿ ಪೇಸ್ಟ್ ಬಳಸಬಹುದೇ ಎಂಬುದನ್ನು ತಮ್ಮ ಆಲಿಮರನ್ನು ಕೇಳಿ ತಿಳಿದುಕೊಳ್ಳಿ.

ರಾತ್ರಿಯ ಬ್ರಷ್ ಎಂದು ಮತ್ತೆ ಮತ್ತೆ ಏಕೆ ಹೇಳುತ್ತಿದ್ದೇನೆ? ನಿದ್ದೆಯಲ್ಲಿ ಜೊಲ್ಲು ಬಹಳ ಕಡಿಮೆಯಾಗುತ್ತದೆ. ಆಮ್ಲ ತೊಳೆಯುವವರೇ ಇಲ್ಲದ ಹೊತ್ತು ಅದು. ಬೆಳಿಗ್ಗೆ ಉಜ್ಜುವುದನ್ನು ನಾವು ಯಾರೂ ತಪ್ಪಿಸುವುದಿಲ್ಲ, ಬಾಯಿ ವಾಸನೆಯ ನಾಚಿಕೆ ನಮ್ಮನ್ನು ಎಬ್ಬಿಸುತ್ತದೆ. ರಾತ್ರಿ ಉಜ್ಜದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಎರಡರಲ್ಲಿ ಒಂದನ್ನೇ ಮಾಡಲು ಸಾಧ್ಯ ಎನ್ನುವ ಮನೆ ಇದ್ದರೆ ನಾನು ರಾತ್ರಿಯದನ್ನೇ ಆರಿಸಿ ಎನ್ನುತ್ತೇನೆ. ಇಶಾ ನಮಾಜು, ಊಟ ಆದ ಮೇಲೆ ಬ್ರಷ್. ಆಮೇಲೆ ನೀರು ಬಿಟ್ಟು ಬೇರೇನೂ ಬೇಡ. ಹಾಲು ಕುಡಿಸುವುದಿದ್ದರೆ ಮೊದಲೇ ಕುಡಿಸಿಬಿಡಿ.

ಪೇಸ್ಟಿನ ಜಾಹೀರಾತಿನಲ್ಲಿ ಬ್ರಷ್ಷಿನುದ್ದಕ್ಕೂ ಅಲೆಯಂತೆ ಪೇಸ್ಟ್ ಹಾಕಿ ತೋರಿಸುತ್ತಾರೆ. ಅದು ಪೇಸ್ಟ್ ಬೇಗ ಮುಗಿಯಲಿ ಎಂದು. ದೊಡ್ಡವರಿಗೂ ಒಂದು ಬಟಾಣಿ ಕಾಳಿಗಿಂತ ಸ್ವಲ್ಪ ಹೆಚ್ಚು ಇದ್ದರೆ ಸಾಕು. ಮೂರರಿಂದ ಆರು ವರ್ಷದ ಮಕ್ಕಳಿಗೆ ಬಟಾಣಿಯಷ್ಟು, ಅದಕ್ಕಿಂತ ಚಿಕ್ಕವರಿಗೆ ಅಕ್ಕಿಕಾಳಿನಷ್ಟು. ನುಂಗದಂತೆ ಪಕ್ಕದಲ್ಲಿ ನಿಂತಿರಬೇಕು. ನೊರೆ ಹೆಚ್ಚು ಬಂದರೆ ಹಲ್ಲು ಹೆಚ್ಚು ಶುಚಿಯಾಯಿತು ಎಂದಲ್ಲ. ಪೇಸ್ಟಿನಲ್ಲಿ ನೋಡಬೇಕಾದದ್ದು ಫ್ಲೋರೈಡ್ ಇದೆಯೇ ಎಂದು. ನಮ್ಮ ದೇಶದಲ್ಲಿ ಅದು 1000 ಪಿಪಿಎಂ ಮೀರಬಾರದು ಎಂಬ ನಿಯಮವಿದೆ. ಬೆಲೆ ಹೆಚ್ಚಿನದೇ ಬೇಕೆಂದಿಲ್ಲ. ಉಜ್ಜಿದ ಮೇಲೆ ನೊರೆ ಉಗುಳಿ ಸಾಕುಮಾಡಿ. ಚೊಂಬು ಚೊಂಬು ನೀರು ಹಾಕಿ ಮುಕ್ಕಳಿಸಿದರೆ ಹಲ್ಲಿನ ಮೇಲೆ ಉಳಿಯಬೇಕಾದ ಫ್ಲೋರೈಡೂ ತೊಳೆದುಹೋಗುತ್ತದೆ. ಈ ಮಾತು ಮಾತ್ರ ನಮ್ಮವರಿಗೆ ಬೇಗ ಒಪ್ಪಿಗೆಯಾಗುವುದಿಲ್ಲ, ಆದರೂ ಹೇಳುತ್ತೇನೆ.

ಹಲ್ಲುಪುಡಿಯನ್ನು ಬೆರಳಿನಿಂದ ತಿಕ್ಕುವವರು ಇನ್ನೂ ಇದ್ದಾರೆ. ಬೆರಳು ದಪ್ಪ, ಸಂದು ಸಣ್ಣದು. ಅಲ್ಲಿಗೆ ಬೆರಳು ಹೋಗುವುದಿಲ್ಲ. ಇದ್ದಿಲು, ಇಟ್ಟಿಗೆ ಪುಡಿ, ಒರಟು ಉಪ್ಪು ಇವು ಎನಾಮಲನ್ನೇ ಸವೆಸುತ್ತವೆ. ಬೆಳಗಾವಿಯ ಕಡೆ ಮಿಶ್ರಿ ಎಂದು ಹುರಿದ ತಂಬಾಕಿನ ಪುಡಿಯಿಂದ ಹೆಂಗಸರೂ ಹಲ್ಲುಜ್ಜುವುದುಂಟು. ಹಲ್ಲುಪುಡಿ, ಪೇಸ್ಟುಗಳಲ್ಲಿ ತಂಬಾಕು ಬಳಸುವುದನ್ನು ಕೇಂದ್ರ ಸರ್ಕಾರ 1992ರಲ್ಲೇ ನಿಷೇಧಿಸಿದೆ. ಮನೆಯಲ್ಲಿ ಹುರಿದುಕೊಂಡರೆ ಯಾವ ಕಾನೂನು ಏನು ಮಾಡೀತು? ಪ್ರೌಢಶಾಲೆಯ ಹುಡುಗರಿಗೆ ಒಂದು ಮಾತು. ಕರ್ನಾಟಕದಲ್ಲಿ ಗುಟ್ಕಾ 2013ರಲ್ಲಿ ನಿಷೇಧವಾಯಿತು, ಆದರೆ ಅಡಿಕೆ ಚೀಟಿ, ತಂಬಾಕಿನ ಚೀಟಿ ಬೇರೆ ಬೇರೆ ಕೊಂಡು ಬೆರೆಸಿಕೊಳ್ಳುವುದನ್ನು ನಾನು ಶಾಲೆಯ ಎದುರಿನ ಅಂಗಡಿಯಲ್ಲೇ ನೋಡಿದ್ದೇನೆ. ನಿಮ್ಮ ಮೂರು ಬೆರಳು ಒಟ್ಟಿಗೆ ನೆಟ್ಟಗೆ ಬಾಯಿಯೊಳಗೆ ಹೋಗದಷ್ಟು ಬಾಯಿ ಬಿಗಿದಿದ್ದರೆ ಇವತ್ತೇ ಡಾಕ್ಟರ ಬಳಿ ಹೋಗಿ.

ಕೊನೆಯದಾಗಿ ಕಂದು ಹಲ್ಲಿನ ಮಕ್ಕಳ ಮಾತು. ಪಾವಗಡ, ಬಾಗೇಪಲ್ಲಿ, ಮುಂಡರಗಿಯಂತಹ ಬಯಲುಸೀಮೆಯ ತಾಲೂಕುಗಳಲ್ಲಿ ಆಳದ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅತಿಯಾಗಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಹಲ್ಲು ವಸಡಿನೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ ಆ ನೀರು ಕುಡಿದ ಮಕ್ಕಳ ಹಲ್ಲಿನಲ್ಲಿ ಹಳದಿ, ಕಂದು ಪಟ್ಟೆಗಳು ಬರುತ್ತವೆ. ಅದು ಕೊಳೆಯಲ್ಲ. ಎನಾಮಲಿನ ಒಳಗೇ ಇರುವ ಬಣ್ಣ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಇದನ್ನು ತಿಳಿಯದೆ “ಹಲ್ಲುಜ್ಜಿ ಬಾ” ಎಂದು ತರಗತಿಯಲ್ಲಿ ಗದರಿಸುವ ಶಿಕ್ಷಕರಿದ್ದಾರೆ. ಆ ಮಗು ಆಮೇಲೆ ನಗುವಾಗಲೆಲ್ಲ ಬಾಯಿಗೆ ಕೈ ಅಡ್ಡ ಇಡುತ್ತದೆ, ಪದ್ಯ ಹೇಳು ಎಂದರೆ ಎದ್ದು ನಿಲ್ಲುವುದಿಲ್ಲ. ನನ್ನ ವೃತ್ತಿಬಾಂಧವರಲ್ಲಿ ಇದೊಂದು ವಿನಂತಿ: ದಯವಿಟ್ಟು ಹಾಗೆ ಹೇಳಬೇಡಿ. ಅಂತಹ ಊರಿನವರು ಕುಡಿಯಲು, ಅಡುಗೆಗೆ ಶುದ್ಧೀಕರಿಸಿದ ನೀರನ್ನೇ ಬಳಸಬೇಕು. ಚಿಕ್ಕ ಮಕ್ಕಳಿಗೆ ಯಾವ ಪೇಸ್ಟ್ ಎಂಬುದನ್ನು ಡಾಕ್ಟರರಲ್ಲಿ ವಿಚಾರಿಸಬೇಕು.

ಡಾಕ್ಟರರ ಬಳಿ ಹೋಗಲು ಖರ್ಚಿನ ಭಯ ಎಂದರೆ, ತಾಲೂಕು ಆಸ್ಪತ್ರೆಗಳಲ್ಲಿ ದಂತ ವಿಭಾಗ ಇರುತ್ತದೆ. ದಂತವೈದ್ಯ ಕಾಲೇಜುಗಳ ಹೊರರೋಗಿ ವಿಭಾಗದಲ್ಲಿ ಖಾಸಗಿ ಚಿಕಿತ್ಸಾಲಯಕ್ಕಿಂತ ಕಡಿಮೆ ಖರ್ಚಿನಲ್ಲಿ ಕೆಲಸವಾಗುತ್ತದೆ. ಬೆಂಗಳೂರಿನಲ್ಲಿ ಸರ್ಕಾರಿ ದಂತ ಮಹಾವಿದ್ಯಾಲಯವಿದೆ, ವಿಜಯಪುರದಲ್ಲಿ ಅಲ್-ಅಮೀನ್, ಕಲಬುರಗಿಯಲ್ಲಿ ಅಲ್-ಬದರ್ ದಂತ ಕಾಲೇಜುಗಳಿವೆ. ನೋವು ಬಂದ ಮೇಲೆ ಹೋಗುವುದಕ್ಕಿಂತ ಮಗುವಿಗೆ ಆರು ತುಂಬಿದಾಗ ಒಮ್ಮೆ, ಹನ್ನೆರಡು ತುಂಬಿದಾಗ ಒಮ್ಮೆಯಾದರೂ ತಪ್ಪದೆ ಕರೆದೊಯ್ಯಿರಿ. ಏಳೆಂಟು ವರ್ಷದವರೆಗೆ ಮಗು ತಾನೇ ಉಜ್ಜಿದ ಮೇಲೆ ತಾಯಿಯೋ ತಂದೆಯೋ ಹಿಂದೆ ನಿಂತು, ಮಗುವಿನ ತಲೆಯನ್ನು ತಮ್ಮ ಎದೆಗೆ ಒರಗಿಸಿಕೊಂಡು ಇನ್ನೊಮ್ಮೆ ಉಜ್ಜಬೇಕು. ಬೂಟಿನ ಲೇಸನ್ನು ತಾನೇ ಸರಿಯಾಗಿ ಕಟ್ಟಿಕೊಳ್ಳಲು ಬರುವವರೆಗೆ ಮಗುವಿನ ಕೈಗೆ ಬ್ರಷ್ಷಿನ ಹಿಡಿತವೂ ಬಂದಿರುವುದಿಲ್ಲ.

ಭಾಷಣ ಮುಗಿದ ಮೇಲೆ ಹಿಂದಿನ ಸಾಲಿನಲ್ಲಿದ್ದ ಒಬ್ಬ ಅಜ್ಜಿ ಎದ್ದು, “ನನ್ನ ಬಾಯಲ್ಲಿರೋದು ಕಟ್ಟಿಸಿದ ಹಲ್ಲು ಬೇಟಿ, ನಾನೇನು ಮಾಡಲಿ?” ಎಂದು ಕೇಳಿದರು. ಎಲ್ಲರೂ ನಕ್ಕರು, ಅಜ್ಜಿಯೂ ನಕ್ಕರು. ಒಳ್ಳೆಯ ಪ್ರಶ್ನೆಯಾದ್ದರಿಂದ ಉತ್ತರವನ್ನೂ ಇಲ್ಲಿ ಸೇರಿಸಿದ್ದೇನೆ. ತೆಗೆದು ಹಾಕುವ ಹಲ್ಲಿನ ಸೆಟ್ಟನ್ನು ರಾತ್ರಿ ತೆಗೆದು, ಮೆತ್ತನೆಯ ಬ್ರಷ್ ಮತ್ತು ಸ್ವಲ್ಪ ಸೋಪಿನಿಂದ ತೊಳೆಯಬೇಕು. ಕೆಳಗೆ ಬಿದ್ದರೆ ಒಡೆಯದಂತೆ ನೀರು ತುಂಬಿದ ಬೋಗುಣಿಯ ಮೇಲೆ ಹಿಡಿದುಕೊಳ್ಳಬೇಕು. ಬಿಸಿನೀರು ಹಾಕಬಾರದು, ಆಕಾರ ಕೆಡುತ್ತದೆ. ಮುಚ್ಚಳವಿರುವ ಡಬ್ಬಿಯಲ್ಲಿ ತಣ್ಣೀರು ಹಾಕಿ ಅದರಲ್ಲಿಟ್ಟು ಮಲಗಬೇಕು. ಬರಿ ವಸಡನ್ನೂ ನಾಲಿಗೆಯನ್ನೂ ಒದ್ದೆ ಬಟ್ಟೆಯಿಂದಾಗಲಿ ಮೆತ್ತನೆಯ ಬ್ರಷ್ಷಿನಿಂದಾಗಲಿ ಒರೆಸಿಕೊಳ್ಳಬೇಕು. ಬೆಳಿಗ್ಗೆ ಸೆಟ್ಟನ್ನು ನೀರಿನಲ್ಲಿ ತೊಳೆದು ಹಾಕಿಕೊಂಡರಾಯಿತು.